ಸಮುದ್ರದ ಆಮ್ಲೀಯತೆ ಮತ್ತು ಬೇಟೆ: ಮಕ್ಕಳಿಗೆ ತೋರಿಸುವ ವಿಧಾನ

ಗೋವಾದ ವಾಸ್ಕೋ ಪಟ್ಟಣದ ನಮ್ಮ ಕನ್ನಡ ಮಕ್ಕಳಿಗೆ, ಸಮುದ್ರದ ನೀರಿನ ಆಮ್ಲೀಯತೆ ಹೆಚ್ಚಿದರೆ ಸಮುದ್ರಜೀವಿಗಳ ಬೇಟೆಗೆ ಏನಾಗಬಹುದು ಎಂಬ ವಿಷಯವನ್ನು ಹೇಳುವಾಗ ಬೈನಾ ಕಡಲತೀರದಿಂದ ತಂದ ಒಂದು ಬಾಟಲಿ ನೀರಿನಿಂದಲೇ ಆರಂಭಿಸಿ. ನೇರಳೆ ಬಣ್ಣದ ಎಲೆಕೋಸನ್ನು ಕುದಿಸಿ ಸೋಸಿ, ಆಮ್ಲೀಯತೆಗೆ ತಕ್ಕಂತೆ ಬಣ್ಣ ಬದಲಿಸುವ ಆ ರಸವನ್ನು ಆರಿಸಿ, ಸಮುದ್ರದ ನೀರಿರುವ ಎರಡು ಲೋಟಗಳಿಗೆ ಸಮನಾಗಿ ಬೆರೆಸಿ. ನಂತರ ಒಂದಕ್ಕೆ ಮಾತ್ರ ಸ್ಟ್ರಾದಿಂದ ಕೆಲವು ನಿಮಿಷ ಊದಿಸಿದರೆ, ಉಸಿರಿನ ಇಂಗಾಲದ ಡೈಆಕ್ಸೈಡ್ ಕರಗಿ ಕಾರ್ಬಾನಿಕ್ ಆಮ್ಲವಾಗಿ, ನೀಲಿ ಛಾಯೆ ನೇರಳೆಯ ಕಡೆಗೆ ಸರಿಯುತ್ತದೆ. ಮಕ್ಕಳು ನೀರನ್ನು ಹೀರದಂತೆ ಪಕ್ಕದಲ್ಲೇ ನಿಲ್ಲಿ.

ಸಮುದ್ರದಲ್ಲೂ ಹೀಗೆಯೇ ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ, ಕೈಗಾರಿಕಾ ಕ್ರಾಂತಿಯಿಂದೀಚೆಗೆ ಮೇಲ್ಪದರದ ಪಿಎಚ್ (ಇಳಿದಷ್ಟೂ ಆಮ್ಲೀಯತೆ ಹೆಚ್ಚೆಂದು ತೋರುವ ಅಳತೆ) ಸುಮಾರು 8.2ರಿಂದ 8.1ಕ್ಕೆ ಇಳಿದಿದೆ ಎಂದು ತಿಳಿಸಿ. ಇದು ಅಲ್ಪವೆನಿಸಿದರೂ, ಪಿಎಚ್ ಲಾಗರಿದಮ್ ಅಳತೆಯಾದ್ದರಿಂದ (ಒಂದು ಅಂಕ ಇಳಿದರೆ ಹತ್ತು ಪಟ್ಟು ಏರಿಕೆ) ಆಮ್ಲೀಯತೆಗೆ ಕಾರಣವಾದ ಹೈಡ್ರೋಜನ್ ಅಯಾನುಗಳು ಶೇ 25ಕ್ಕಿಂತ ಹೆಚ್ಚಾಗಿವೆ.

ಬೇಟೆಯ ಭಾಗಕ್ಕೆ ಹೆಚ್ಚು ಸಮಯ ಕೊಡಿ. ಅನೇಕ ಪ್ರಾಣಿಗಳು ವಾಸನೆಯಿಂದಲೇ ಆಹಾರ ಹುಡುಕುತ್ತವೆ; 2015ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ, ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದ ನೀರಿನಲ್ಲಿ ಬೆಳೆದ ಪೋರ್ಟ್ ಜಾಕ್ಸನ್ ಎಂಬ ಜಾತಿಯ ಶಾರ್ಕ್‌ಗಳು ವಾಸನೆ ಹಿಡಿದು ಆಹಾರ ತಲುಪಲು ಹೆಚ್ಚು ಸಮಯ ತೆಗೆದುಕೊಂಡವು. ಆದರೆ ಆಮ್ಲೀಯತೆ ಹೆಚ್ಚಿದರೆ ಹವಳದಿಬ್ಬದ ಮೀನುಗಳ ವರ್ತನೆ ಕೆಡುತ್ತದೆ ಎಂಬ ಹಿಂದಿನ ವರದಿಗಳನ್ನು 2020ರ ಮರುಪರೀಕ್ಷೆ ಸಮರ್ಥಿಸಲಿಲ್ಲ. ಇದನ್ನು ಮಕ್ಕಳಿಂದ ಮುಚ್ಚಿಡಬೇಡಿ. ಮರುಪರೀಕ್ಷೆಯೂ ವಿಜ್ಞಾನದ ಅಂಗವೆಂದು ಅವರು ಕಲಿಯುವುದು ನನಗೆ ಅತ್ಯಂತ ಮುಖ್ಯವೆನಿಸುತ್ತದೆ.