ಮದುವೆ ಸೀರೆಯ ಲೆಕ್ಕ ರವಿಕೆಯಿಂದ ಶುರು ಮಾಡಿ

ಶಿಡ್ಲಘಟ್ಟದ ಕಡೆಯ ಹೆಣ್ಣುಮಕ್ಕಳಿಗೆ ರೇಷ್ಮೆ ಹೊಸದೇನಲ್ಲ. ಹುಳ ಸಾಕಿ, ಹಿಪ್ಪುನೇರಳೆ ಸೊಪ್ಪು ಕೊಯ್ದು, ಚಂದ್ರಿಕೆ ಅನ್ನುವ ಬಿದಿರು ತಟ್ಟಿಯಿಂದ ಗೂಡು ಬಿಡಿಸಿ ಮಾರುಕಟ್ಟೆಗೆ ಕಳಿಸಿದವರು ನಾವು. ಒಂದು ಕೆ.ಜಿ. ದಾರ ಬರಲು ಆರೇಳು ಕೆ.ಜಿ. ಗೂಡು ಬೇಕು ಅನ್ನುವುದು ನಮ್ಮಪ್ಪನಿಗೆ ಬಾಯಿಪಾಠ. ಆದರೂ ನನ್ನ ತಂಗಿಯ ಮದುವೆಗೆ ಜವಳಿ ತೆಗೆದಾಗ ನಮ್ಮ ಲೆಕ್ಕ ಪೂರ್ತಿ ತಪ್ಪಿತು.

ಅವಳ ಬಟ್ಟೆಗೆ ಅಂತ 60,000 ರೂಪಾಯಿ ಎತ್ತಿಟ್ಟಿದ್ದೆವು. ಒಡವೆ ಬೇರೆ. ಧಾರೆ ಸೀರೆ 22,000, ಆರತಕ್ಷತೆಗೆ 18,000, ಅರಿಶಿನ ಶಾಸ್ತ್ರಕ್ಕೊಂದು, ಚಪ್ಪರದ ಪೂಜೆಗೊಂದು, ಅವೆರಡಕ್ಕೂ ಸೇರಿ 6,000. ಒಟ್ಟು 46,000. ಇನ್ನೂ 14,000 ಉಳಿದಿದೆ ಅಂತ ಸಮಾಧಾನವಾಗಿ ಮನೆಗೆ ಬಂದೆವು. ಆಮೇಲೆ ಶುರುವಾಯಿತು ನೋಡಿ. ನಾಲ್ಕು ರವಿಕೆಗೆ, ಅದರಲ್ಲಿ ಎರಡಕ್ಕೆ ಆರಿ ವರ್ಕ್ ಅನ್ನುವ ಮಣಿ ಕಸೂತಿ ಸೇರಿ, 15,300. ಫಾಲು, ಜಿಗ್‌ಜ್ಯಾಗ್, ಕುಚ್ಚು 2,600. ಎರಡು ಸೀರೆಗೆ ನೆರಿಗೆ ಹಿಡಿದು ಇಸ್ತ್ರಿ ಮಾಡಿಸಿದ್ದು 800. ಡಾಬು, ವಂಕಿ, ಜಡೆಬಿಲ್ಲೆ ಬಾಡಿಗೆ 5,000. ಎರಡು ಹೊತ್ತಿನ ಮೇಕಪ್ಪು, ತಲೆ ಅಲಂಕಾರ 18,000. ಮೊಗ್ಗಿನ ಜಡೆ, ಹೂವು 2,500. ಬಳೆ, ಚಪ್ಪಲಿ, ಒಳಲಂಗ, ಪಿನ್ನು, ಹೀಗೆ ಚಿಲ್ಲರೆ 3,000. ಕೂಡಿ ನೋಡಿದರೆ 47,200. ಸೀರೆಗಿಂತ ಸೀರೆ ಸುತ್ತಲಿನ ಖರ್ಚೇ 1,200 ಜಾಸ್ತಿ! ಒಟ್ಟು 93,200. ಆ ಜಾಸ್ತಿ 33,200ಕ್ಕೆ ಅಮ್ಮ ಚೀಟಿ ಕೂಗಬೇಕಾಯಿತು.

ನಿಮ್ಮ ಮನೆಯಲ್ಲಿ ಹೀಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ. ಬೆಲೆಗಳು ಊರಿಂದ ಊರಿಗೆ, ಅಂಗಡಿಯಿಂದ ಅಂಗಡಿಗೆ ಬದಲಾಗುತ್ತವೆ, ಆದರೆ ಕ್ರಮ ಬದಲಾಗಲ್ಲ.

ಮೊದಲು ಕೇಳಬೇಕಾದ್ದು

ಲೆಕ್ಕದ ಪುಸ್ತಕ ತೆಗೆಯೋ ಮುಂಚೆ ಒಂದು ಮಾತು ಇತ್ಯರ್ಥ ಆಗಬೇಕು. ಧಾರೆ ಸೀರೆ ಯಾರು ತರುತ್ತಾರೆ? ಕೆಲವು ಮನೆಗಳಲ್ಲಿ ಗಂಡಿನ ಕಡೆಯವರು ತರುತ್ತಾರೆ, ಕೆಲವು ಕಡೆ ಸೋದರಮಾವ ಕೊಡುತ್ತಾರೆ, ಕೆಲವರಲ್ಲಿ ಎಲ್ಲ ಹೆಣ್ಣಿನ ಮನೆಯದೇ. ಧಾರೆಗೆ ಬಿಳಿ ಸೀರೆ ಕೆಂಪು ಅಂಚೇ ಆಗಬೇಕು ಅನ್ನುವವರೂ ಇದ್ದಾರೆ, ಆಗ ಆ ಸೀರೆಗೆ ಹೆಚ್ಚು ಸುರಿಯೋದು ಬೇಡ, ಮುಹೂರ್ತ ಮುಗಿದ ಮೇಲೆ ಉಡುವ ಸೀರೆಗೆ ದುಡ್ಡು ಇಟ್ಟುಕೊಳ್ಳಬಹುದು. ಇದನ್ನೆಲ್ಲ ನಿಶ್ಚಿತಾರ್ಥದ ದಿನವೇ ದೊಡ್ಡವರ ಕೈಲಿ ಕೇಳಿಸಿಬಿಡಿ. "ಅಕ್ಕಾ, ಧಾರೆ ಸೀರೆ ನಿಮ್ಮ ಕಡೆಯಿಂದಾನಾ, ನಮ್ಮ ಕಡೆಯಿಂದಾನಾ?" ಅಂತ ಬೀಗಿತ್ತಿಯನ್ನು ನೇರವಾಗಿ ಕೇಳೋದರಲ್ಲಿ ಏನೂ ತಪ್ಪಿಲ್ಲ. ಕೇಳದೆ ಇಬ್ಬರೂ ತಂದು, ಒಂದು ಸೀರೆ ಪೆಟ್ಟಿಗೆಯಲ್ಲೇ ಉಳಿದು, ಒಬ್ಬರಿಗೆ ಬೇಜಾರಾಗುವುದಕ್ಕಿಂತ ಅದು ವಾಸಿ.

ಬೀಗರಿಗೆ, ನಾದಿನಿಯರಿಗೆ, ಅತ್ತೆ ಚಿಕ್ಕಮ್ಮಂದಿರಿಗೆ ಕೊಡುವ ಉಡುಗೊರೆ ಸೀರೆಗಳ ಲೆಕ್ಕ ಬೇರೆ ಪುಟದಲ್ಲಿರಲಿ. ಹುಡುಗಿಯ ಪುಟಕ್ಕೆ ಅದನ್ನು ಬೆರೆಸಬೇಡಿ.

ಒಟ್ಟು ಮೊತ್ತ ಬರೆದು ಹಿಂದಕ್ಕೆ ಬನ್ನಿ

ಈಗ ಒಂದು ಮೊತ್ತ ಬರೆಯಿರಿ. ಸಾಲ ಇಲ್ಲದೆ ಕೊಡಲು ಆಗುವಷ್ಟು. 80,000 ಅಂದುಕೊಳ್ಳೋಣ. ಅದರಲ್ಲಿ ಮೊದಲೇ 8,000 ತೆಗೆದು ಬೇರೆ ಕವರಿಗೆ ಹಾಕಿ, ಅದನ್ನು ಮದುವೆಗೆ ಮೂರು ದಿನ ಉಳಿಯುವವರೆಗೂ ಮುಟ್ಟಬೇಡಿ. ಉಳಿದದ್ದು 72,000. ಅದರ ಅರ್ಧ, 36,000, ಸೀರೆಗೆ. ಇನ್ನರ್ಧ ರವಿಕೆ, ಮೇಕಪ್ಪು, ಬಾಡಿಗೆ ಒಡವೆ, ಹೂವು, ಚಿಲ್ಲರೆಗೆ.

36,000ದಲ್ಲಿ ಧಾರೆಗೆ 20,000, ಆರತಕ್ಷತೆಗೆ 10,000, ಉಳಿದೆರಡಕ್ಕೆ ಮೂರು ಮೂರು ಸಾವಿರ. ಧಾರೆ ಸೀರೆಗೆ ಜಾಸ್ತಿ ಯಾಕೆ ಅಂದರೆ, ಅದನ್ನು ಆಮೇಲೂ ಉಡುತ್ತಾರೆ. ಸೀಮಂತಕ್ಕೆ, ವರಮಹಾಲಕ್ಷ್ಮಿ ಹಬ್ಬಕ್ಕೆ, ತಮ್ಮನ ಮದುವೆಗೆ. ಆರತಕ್ಷತೆಯ ಬಟ್ಟೆ ಮೂರು ಗಂಟೆ ಸ್ಟೇಜಿನ ಮೇಲಿರುತ್ತದೆ, ಅಷ್ಟೇ. ಅದಕ್ಕೆ ದುಡ್ಡು ಸುರಿದು ಧಾರೆ ಸೀರೆಗೆ ಕೈ ಬಿಗಿ ಹಿಡಿದವರನ್ನು ನೋಡಿದ್ದೇನೆ, ಎರಡು ವರ್ಷಕ್ಕೇ ಪಶ್ಚಾತ್ತಾಪ ಪಡುತ್ತಾರೆ.

ಆರತಕ್ಷತೆಗೆ ಲೆಹೆಂಗಾ ಬೇಕು ಅಂತ ಹುಡುಗಿಗೆ ನಿಜವಾಗಲೂ ಆಸೆ ಇದ್ದರೆ ಬೇಡ ಅನ್ನಬೇಡಿ, ಬಾಡಿಗೆಗೆ ತನ್ನಿ. ಕೊಳ್ಳುವುದಾದರೆ ತೆರಿಗೆಯನ್ನೂ ನೋಡಿ. 2025ರ ಸೆಪ್ಟೆಂಬರ್ 22ರಿಂದ 2,500 ರೂ. ದಾಟಿದ ಸಿದ್ಧ ಉಡುಪಿಗೆ ಜಿಎಸ್‌ಟಿ 18 ಪರ್ಸೆಂಟ್. ಸೀರೆಗೆ ಎಷ್ಟೇ ಬೆಲೆ ಇದ್ದರೂ 5 ಪರ್ಸೆಂಟ್. ಅಂದರೆ 25,000ದ ಸೀರೆಗೆ 1,250 ತೆರಿಗೆ, ಅಷ್ಟೇ ಬೆಲೆಯ ಹೊಲಿದ ಲೆಹೆಂಗಾಕ್ಕೆ 4,500. ಚೀಟಿಯ ಮೇಲಿನ ಬೆಲೆಯಲ್ಲಿ ತೆರಿಗೆ ಸೇರಿದೆಯಾ ಅಂತ ಚೌಕಾಸಿ ಶುರು ಮಾಡೋ ಮುಂಚೆ ಕೇಳಿ, ಬಿಲ್ಲಿನ ಹತ್ತಿರ ನಿಂತಾಗ ಅಲ್ಲ.

ಯಾವಾಗ, ಎಲ್ಲಿ

ಆಷಾಢದಲ್ಲಿ ನಮ್ಮಲ್ಲಿ ಮದುವೆ ಇಲ್ಲ, ಅಂಗಡಿಗಳಲ್ಲಿ ವ್ಯಾಪಾರ ಕಡಿಮೆ, ಅದಕ್ಕೇ ರಿಯಾಯಿತಿ. ಶ್ರಾವಣಕ್ಕೋ ಕಾರ್ತಿಕಕ್ಕೋ ಮದುವೆ ಇಟ್ಟುಕೊಂಡವರಿಗೆ ಇದು ಒಳ್ಳೆ ಹೊತ್ತು. ಧಾರೆ ಸೀರೆಯನ್ನು ಆಷಾಢದಲ್ಲಿ ತರಬಾರದು ಅನ್ನುವ ಮನೆಯಾದರೆ ಉಡುಗೊರೆ ಸೀರೆಗಳನ್ನಾದರೂ ಆಗ ತಂದುಬಿಡಿ. ಇನ್ನೊಂದು ಲಾಭ, ಆಷಾಢ ಮತ್ತು ಧನುರ್ಮಾಸದಲ್ಲಿ ಟೈಲರ್‌ಗಳಿಗೂ ಬಿಡುವಿರುತ್ತದೆ, ಕೆಲಸ ಆತುರವಿಲ್ಲದೆ ಮಾಡಿಕೊಡುತ್ತಾರೆ.

ಜವಳಿಗೆ ಅಂದರೆ ಬೆಂಗಳೂರಿನ ಚಿಕ್ಕಪೇಟೆಗೇ ಹೋಗಬೇಕು ಅನ್ನೋದು ನಮ್ಮ ಕಡೆ ರೂಢಿ. ಆಯ್ಕೆ ಅಲ್ಲಿ ಜಾಸ್ತಿ, ಒಪ್ಪುತ್ತೇನೆ. ಆದರೆ ಎರಡು ಗಾಡಿ ಮಾಡಿಕೊಂಡು ಹದಿನೈದು ಜನ ಹೋಗಿ, ಊಟ ತಿಂಡಿ ಮುಗಿಸಿ ಬಂದರೆ ಉಳಿಸಿದ್ದೆಲ್ಲ ದಾರಿಯಲ್ಲೇ ಹೋಗಿರುತ್ತದೆ. ನಾಲ್ಕು ಹೆಂಗಸರು ಸಾಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಚಿಕ್ಕಬಳ್ಳಾಪುರದಿಂದ ಬೆಳಿಗ್ಗೆ ಹೊರಟು ಸಂಜೆಗೆ ವಾಪಸ್ ಬರಬಹುದು. ಧರ್ಮಾವರಕ್ಕೆ ಹೋಗುವವರೂ ಇದ್ದಾರೆ. ಅದು ಆಂಧ್ರ, ಗಡಿಯಾಚೆ ಶಕ್ತಿ ಟಿಕೆಟ್ ನಡೆಯಲ್ಲ, ರೈಲು ನೋಡಿಕೊಳ್ಳಿ. ತುಮಕೂರು ಕಡೆಯವರಿಗೆ ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯೇ ಇದೆ, ಅಲ್ಲಿ ರೇಷ್ಮೆ ಸೀರೆ ನೇಯುವ ಮನೆಗಳಿವೆ. ನೇಕಾರರ ಹತ್ತಿರ ನೇರ ತೆಗೆದುಕೊಂಡರೆ ದರ ಹಿತವಾಗಿರುತ್ತದೆ, ಆದರೆ ನೂರು ಸೀರೆ ಬಿಡಿಸಿ ನೋಡುವ ಅವಕಾಶ ಸಿಗದೆ ಇರಬಹುದು.

ನಮ್ಮ ಊರಿನ ಪೇಟೆ ಅಂಗಡಿಯನ್ನೂ ಮರೆಯಬೇಡಿ. ದರ ಸ್ವಲ್ಪ ಜಾಸ್ತಿ ಇದ್ದರೂ, ಬಣ್ಣ ಒಪ್ಪದಿದ್ದರೆ ಮಾರನೇ ದಿನ ಹೋಗಿ ಬದಲಾಯಿಸಿಕೊಂಡು ಬರಬಹುದು ಅಲ್ವಾ.

ದಾರ ಸುಟ್ಟು ನೋಡಿ

ಇಲ್ಲಿ ಸ್ವಲ್ಪ ನಿಧಾನಿಸಿ. 20,000 ಕೊಡುವ ಸೀರೆ ಅಪ್ಪಟ ರೇಷ್ಮೆಯಾ ಅಂತ ನೋಡೋದು ಕಷ್ಟವಿಲ್ಲ. ಸೆರಗಿನ ತುದಿಯಲ್ಲಿ ಬಿಡಿ ದಾರಗಳು ಜೋತಾಡುತ್ತಿರುತ್ತವೆ. ಅದರಲ್ಲಿ ಒಂದೆಳೆ ಕೇಳಿ. ಅದು ಹಾಸು, ಅಂದರೆ ಉದ್ದಕ್ಕೆ ಹೋಗುವ ದಾರ. ಅಡ್ಡ ಹೋಗುವ ಹೊಕ್ಕಿನದೂ ಒಂದೆಳೆ ಬೇಕು, ಯಾಕೆಂದರೆ ಹಾಸು ರೇಷ್ಮೆ, ಹೊಕ್ಕು ಪಾಲಿಯೆಸ್ಟರ್ ಇರುವ ಸೀರೆಗಳೂ ಬರುತ್ತವೆ. ಎರಡನ್ನೂ ಬೇರೆಬೇರೆಯಾಗಿ ಬೆಂಕಿಗೆ ಹಿಡಿಯಿರಿ. ರೇಷ್ಮೆ ಕೂದಲು ಸುಟ್ಟ ಹಾಗೆ ವಾಸನೆ ಬರುತ್ತದೆ, ಬೆಂಕಿ ತೆಗೆದರೆ ಆರಿಹೋಗುತ್ತದೆ, ಕರಿ ಬೂದಿ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗಿ ಕೂರುತ್ತದೆ. ಗೂಡು ಬೇಯಿಸುವ ವಾಸನೆಯಲ್ಲೇ ಬೆಳೆದ ನಮ್ಮಮ್ಮ ಇದನ್ನು ಅಂಗಡಿಯಲ್ಲೇ ಕೇಳಿ ಮಾಡಿಸಿದರು. ಒಳ್ಳೆ ಅಂಗಡಿಯವರು ಬೇಸರ ಮಾಡಿಕೊಳ್ಳಲ್ಲ.

ಸಿಲ್ಕ್ ಮಾರ್ಕ್ ಚೀಟಿ ಇದ್ದರೆ ಇನ್ನೂ ಒಳ್ಳೆಯದು. ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ತಂದ ಗುರುತು ಅದು. ಆದರೆ ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಆ ಚೀಟಿ ರೇಷ್ಮೆಗೆ ಮಾತ್ರ ಗ್ಯಾರಂಟಿ, ಜರಿಗಲ್ಲ. ಅಸಲಿ ಜರಿ ಅಂದರೆ ರೇಷ್ಮೆ ಎಳೆಗೆ ಬೆಳ್ಳಿ ಸುತ್ತಿ, ಮೇಲೆ ಚಿನ್ನದ ಲೇಪ ಕೊಟ್ಟದ್ದು. ಬೆಳ್ಳಿ ದರ ಏರಿದಂತೆ ಅದರ ದರವೂ ಏರುತ್ತದೆ. ಈಗ ಮಾರುಕಟ್ಟೆಯಲ್ಲಿ ಬೇರೆ ಜರಿಯ ಸೀರೆಗಳೇ ಜಾಸ್ತಿ, ಅವು ಕೆಟ್ಟದ್ದು ಅಂತ ಹೇಳುತ್ತಿಲ್ಲ. ಆದರೆ ಅಸಲಿ ಜರಿಯ ಬೆಲೆ ಕೊಡುತ್ತಿದ್ದರೆ, ಅಸಲಿ ಜರಿ ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ತೂಕವನ್ನೂ ಕೈಯಲ್ಲಿ ನೋಡಿ. ಅಗಲ ಅಂಚಿನ ಭಾರದ ಸೀರೆ ಉಟ್ಟು ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಹಸೆಮಣೆ ಮೇಲೆ ಕೂತು ಏಳೋದು ಸುಮ್ನೆ ಮಾತಲ್ಲ. ಹುಡುಗಿ ಸಣ್ಣಗಿದ್ದರೆ ಹಗುರದ ಸೀರೆಯೇ ಚಂದ ಕಾಣುತ್ತದೆ.

ರವಿಕೆ

ನಮ್ಮ ಲೆಕ್ಕ ಹೆಚ್ಚು ಎಡವಿದ್ದು ಇಲ್ಲೇ. ಆರಿ ವರ್ಕ್‌ಗೆ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಕೊಕ್ಕೆ ಸೂಜಿಯಲ್ಲಿ ಒಂದೊಂದೇ ಮಣಿ ಕೂರಿಸುತ್ತಾರೆ. ದಿನಗಟ್ಟಲೆ ಕೆಲಸ, ಅದಕ್ಕೆ ತಕ್ಕ ಕೂಲಿ ಕೊಡಲೇಬೇಕು, ಅಲ್ಲಿ ಚೌಕಾಸಿ ಮಾಡೋದು ನನಗೆ ಸರಿ ಕಾಣಲ್ಲ. ಉಳಿಸುವುದಿದ್ದರೆ ವಿನ್ಯಾಸದಲ್ಲಿ ಉಳಿಸಿ. ಸೆರಗು ಮುಚ್ಚುವ ಕಡೆ ವರ್ಕ್ ಯಾಕೆ? ತೋಳಿಗೆ, ಬೆನ್ನಿನ ಕತ್ತಿಗೆ ಸಾಕು. ಸೀರೆಯ ಜೊತೆ ಬಂದ ಪೀಸಿಗೇ ಮಾಡಿಸಬೇಕು ಅಂತಲೂ ಇಲ್ಲ. ಎರಡು ಸೀರೆಗೂ ಹೊಂದುವ ಬಣ್ಣದ ರಾ ಸಿಲ್ಕ್ ತಂದು ಒಂದೇ ರವಿಕೆಗೆ ವರ್ಕ್ ಮಾಡಿಸಿ. ತಂಗಿಯ ಎರಡನೇ ರವಿಕೆಗೆ ನಾವು ಕೊಟ್ಟ 6,000 ಹೀಗೆ ಉಳಿಯುತ್ತಿತ್ತು.

ಇನ್ನೊಂದು ಪೆಟ್ಟು ತಿಂದದ್ದು ದಿನದ ಲೆಕ್ಕದಲ್ಲಿ. ಧಾರೆ ರವಿಕೆ ನಮ್ಮ ಕೈಗೆ ಬಂದದ್ದು ಚಪ್ಪರದ ದಿನ ರಾತ್ರಿ ಒಂಬತ್ತಕ್ಕೆ. ಹಾಕಿ ನೋಡಿದರೆ ತೋಳು ಮೊಣಕೈ ಮೇಲೆ ಏರುತ್ತಿಲ್ಲ. ಬಿಚ್ಚೋಣ ಅಂದರೆ ಒಳಗೆ ಅಂಚು ಬಿಟ್ಟಿಲ್ಲ, ಹೊಲಿಗೆಯವರೆಗೂ ಮಣಿ. ತಂಗಿ ಅಳುವುದಕ್ಕೂ ಆಗದೆ ಅರಿಶಿನದ ಕೈಯಲ್ಲಿ ಹಾಗೇ ಕೂತಿದ್ದಳು. ಕೊನೆಗೆ ಪಕ್ಕದ ಬೀದಿಯ ಟೈಲರಮ್ಮನನ್ನು ಎಬ್ಬಿಸಿ, ತೋಳಿನ ಕೆಳಗೆ ಉಳಿದಿದ್ದ ಸೀರೆಯ ಪೀಸಿನ ತುಂಡು ಸೇರಿಸಿ ಹೊಲಿಸಿದೆವು. ಅವರು ಹೊಲಿದು ಮುಗಿಸಿದಾಗ ರಾತ್ರಿ ಒಂದು ಗಂಟೆ. ಆ ತಾಯಿ ದುಡ್ಡೂ ಜಾಸ್ತಿ ಕೇಳಲಿಲ್ಲ.

ಹಾಗಾಗಿ ಮದುವೆ ದಿನದಿಂದ ಹಿಂದಕ್ಕೆ ಎಣಿಸಿ. ಮೂರು ತಿಂಗಳು ಮುಂಚೆ ಸೀರೆ. ಎರಡು ತಿಂಗಳು ಮುಂಚೆ ರವಿಕೆ ಕೊಟ್ಟಿರಬೇಕು. ಹದಿನೈದು ದಿನ ಮುಂಚೆ ಹಾಕಿ ನೋಡಬೇಕು, ಕೈ ಮೇಲೆತ್ತಿ, ಹಾರ ಹಾಕುವ ಹಾಗೆ ಮಾಡಿ ನೋಡಬೇಕು. ಎರಡು ಬದಿಯಲ್ಲೂ, ತೋಳಲ್ಲೂ ಒಂದೂವರೆ ಇಂಚು ಬಟ್ಟೆ ಒಳಗೆ ಬಿಡಲು, ಅಲ್ಲಿ ವರ್ಕ್ ಬೇಡ ಅಂತ ಅಳತೆ ಕೊಡುವಾಗಲೇ ಹೇಳಿ. ಪೂರ್ತಿ ದುಡ್ಡು ಮುಂಗಡ ಕೊಡಬೇಡಿ, ಅರ್ಧ ಕೊಡಿ, ಉಳಿದರ್ಧ ಹಾಕಿ ನೋಡಿದ ಮೇಲೆ.

ಸೀರೆಗೆ ಮಾಡಿಸುವ ಕೆಲಸಕ್ಕೂ ಕ್ರಮ ಇದೆ. ಮೊದಲು ರವಿಕೆ ಪೀಸು ಕತ್ತರಿಸಿ, ಆ ತುದಿಗೆ ಜಿಗ್‌ಜ್ಯಾಗ್, ಆಮೇಲೆ ಫಾಲು, ಆಮೇಲೆ ಕುಚ್ಚು, ನೆರಿಗೆ ಹಿಡಿಸೋದು ಕೊನೆಗೆ. ಸೆರಗಿನ ಬಿಡಿ ದಾರ ಅಂಗಡಿಯಲ್ಲಿ ಕತ್ತರಿಸಲು ಬಿಡಬೇಡಿ, ಕುಚ್ಚು ಕಟ್ಟೋದು ಅದರಲ್ಲೇ. ಸಾದಾ ಕುಚ್ಚು ಮನೆಯಲ್ಲೇ ದೊಡ್ಡಮ್ಮಂದಿರು ಕಟ್ಟುತ್ತಾರೆ, ಕೇಳಿ ನೋಡಿ, ಖುಷಿಯಿಂದ ಮಾಡಿಕೊಡುತ್ತಾರೆ.

ಉಳಿದದ್ದು

ಮೇಕಪ್ಪಿನವರ ಹತ್ತಿರ ದರ ಕೇಳುವಾಗ ಎಷ್ಟು ಹೊತ್ತಿಗೆ, ಸೀರೆ ಉಡಿಸೋದು ಸೇರಿದೆಯಾ, ಹೂವು ಅವರದಾ ನಮ್ಮದಾ, ಬಂದುಹೋಗುವ ಖರ್ಚು ಯಾರದು, ಇಷ್ಟನ್ನೂ ಮೆಸೇಜಿನಲ್ಲಿ ಬರೆಸಿಕೊಳ್ಳಿ. ಹೂವು ನಮ್ಮ ಚಿಕ್ಕಬಳ್ಳಾಪುರದ ಕಡೆಯೇ ಬೆಳೆಯುತ್ತಾರೆ. ಆದರೂ ಮದುವೆ ಸೀಸನ್ನಿನಲ್ಲಿ ಮಲ್ಲಿಗೆ ಮೊಗ್ಗಿನ ದರ ಒಂದೇ ದಿನಕ್ಕೆ ಎರಡು ಪಟ್ಟಾಗಬಹುದು, ಜಡೆಗೆ ವಾರದ ಮುಂಚೆಯೇ ಹೇಳಿ ದರ ಮಾತಾಡಿ ಇಡಿ. ಬಾಡಿಗೆ ಒಡವೆ ತರುವಾಗ ಒಂದೊಂದಕ್ಕೂ ಫೋಟೊ ತೆಗೆದುಕೊಳ್ಳಿ, ಕಲ್ಲು ಮೊದಲೇ ಬಿದ್ದಿದ್ದರೆ ಅಲ್ಲೇ ತೋರಿಸಿ. ಇಲ್ಲದಿದ್ದರೆ ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುತ್ತಾರೆ.

ಬೇರೆ ಇಟ್ಟ 8,000ದ ಕವರು ಕೊನೆಯ ಮೂರು ದಿನದಲ್ಲಿ ಖರ್ಚಾಗುತ್ತದೆ. ಹರಿದ ಚಪ್ಪಲಿಗೋ, ಒಡೆದ ಬಳೆಗೋ, ರಾತ್ರಿ ಎದ್ದು ಹೊಲಿದುಕೊಟ್ಟ ಟೈಲರಮ್ಮನಿಗೋ. ಉಳಿದರೆ ಡ್ರೈ ಕ್ಲೀನಿಗೆ ಇಡಿ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ಅರಿಶಿನ, ಕುಂಕುಮ, ಬೆವರು ತಾಗಿದ ಧಾರೆ ಸೀರೆಯನ್ನು ಹಾಗೇ ಮಡಿಸಿ ಬೀರುವಿಗೆ ಸೇರಿಸಬೇಡಿ. ಒಂದು ದಿನ ನೆರಳಲ್ಲಿ ಗಾಳಿಗೆ ಹರಡಿ, ಆಮೇಲೆ ಡ್ರೈ ಕ್ಲೀನಿಗೆ ಕೊಡಿ. ಬಂದ ಮೇಲೆ ಹಳೇ ಬಿಳಿ ಹತ್ತಿ ಪಂಚೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಕವರು ಬೇಡ, ನುಸಿ ಗುಳಿಗೆ ಜರಿಗೆ ತಾಗಬಾರದು. ನಾಲ್ಕು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಾಯಿಸಿ, ಇಲ್ಲದಿದ್ದರೆ ಮಡಿಚಿದ ಗೆರೆಯಲ್ಲೇ ಸೀಳುತ್ತದೆ.