ಮಂಗಳವಾರವೇ ಯಾಕೆ?

ಇಸ್ರೇಲಿನ ಹೈಫಾದಲ್ಲಿ ನಾನು ನೋಡಿಕೊಳ್ಳುವ ಯಹೂದಿ ಅಜ್ಜಿಗೆ ಎಂಬತ್ತೇಳು. ಹೀಬ್ರೂವಿನಲ್ಲಿ ಅಜ್ಜಿಗೆ ಸಾವ್ತಾ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಮಂಗಳೂರಿನಿಂದ ಕೇರ್‌ಗಿವರ್ ಕೆಲಸಕ್ಕೆ ಬಂದವಳು ಸರ್ವಧರ್ಮದ ಕೂಟ ನಡೆಸುತ್ತಾಳೆಂದರೆ ಊರಲ್ಲಿ ನಗುತ್ತಾರೆ. ಕೂಟ ಸಾವ್ತಾರದ್ದೇ. ಆದರೆ ಅವರಿಗೆ ಓಡಾಡಲು ಆಗದು. ಫೋನ್ ಮಾಡುವುದು, ಕುರ್ಚಿ ಹಾಕುವುದು, ಚಹಾ ಮಾಡುವುದು ನನ್ನ ಪಾಲಿಗೆ ಬಂತು.

ಮೊದಲು ಎಡವಿದ್ದು ದಿನದ ಲೆಕ್ಕದಲ್ಲಿ. ಗುರುವಾರ ಸಂಜೆ ಎಂದು ಹೇಳಿದ್ದೆ, ಕಾರ್ಮೆಲ್ ಬೆಟ್ಟದ ಮೇಲಿನ ಊರಾದ ದಾಲಿಯತ್ ಅಲ್-ಕರ್ಮೆಲ್‌ನ ದ್ರೂಜ್ ಹೆಂಗಸರು ಒಬ್ಬರೂ ಬರಲಿಲ್ಲ. ದ್ರೂಜರು ಅರಬ್ಬಿ ಮಾತಾಡುವ, ತಮ್ಮದೇ ಬೇರೆ ಧರ್ಮವಿರುವ ಜನ. ಅವರಲ್ಲಿ ದೀಕ್ಷೆಯಾದವರು ಆ ಸಂಜೆ ಖಲ್ವಾ ಎಂಬ ತಮ್ಮ ಪ್ರಾರ್ಥನಾ ಮನೆಗೆ ಹೋಗುತ್ತಾರೆ. ಶುಕ್ರವಾರ ಜುಮಾ, ಹೊತ್ತು ಮುಳುಗಿದರೆ ಶನಿವಾರ ಸಂಜೆಯವರೆಗೆ ಯಹೂದಿಗಳ ವಿಶ್ರಾಂತಿ ದಿನ ಸಬ್ಬತ್. ಭಾನುವಾರ ನಮ್ಮ ಕ್ಯಾಥೊಲಿಕರ ಬಲಿಪೂಜೆ. ಉಳಿದ ಮೂರು ದಿನಗಳಲ್ಲಿ ಮಂಗಳವಾರ ಗಟ್ಟಿಯಾಯಿತು.

ಆಮೇಲೆ ಊಟ. ದ್ರೂಜ್ ಅಮ್ಮ ಒಬ್ಬರು ದ್ರಾಕ್ಷಿ ಎಲೆಯಲ್ಲಿ ಅನ್ನ, ಮಾಂಸ ಸುತ್ತಿ ದೊಡ್ಡ ತಟ್ಟೆಯಲ್ಲಿ ತಂದರು. ಸುತ್ತಿದ ಚೆಂದ ನೋಡಿ ನನಗೆ ಪತ್ರೊಡೆ ನೆನಪಾಯಿತು. ಆದರೆ ಸಾವ್ತಾರ ಮನೆ ಕೋಷರ್, ಅಂದರೆ ಯಹೂದಿ ಊಟದ ನಿಯಮ ಪಾಲಿಸುವ ಮನೆ. ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ. ಕೋಷರ್ ಅಲ್ಲದ ಅಡುಗೆಮನೆಯಲ್ಲಿ ಬೇಯಿಸಿದ್ದು ಒಳಗೆ ಬರುವಂತಿಲ್ಲ. ಬಟ್ಟೆ ಮುಚ್ಚಿದ ಆ ತಟ್ಟೆ ಬಾಗಿಲ ಬಳಿಯ ಸ್ಟೂಲಿನ ಮೇಲೇ ಉಳಿಯಿತು. ಅವರ ಮುಖ ನೋಡಲಾಗಲಿಲ್ಲ. ಫೋನಿನಲ್ಲೇ ನಾನು ಹೇಳಬೇಕಿತ್ತು. ಈಗ ಎಲ್ಲರಿಗೂ ಮುಂಚೆಯೇ ಹೇಳುತ್ತೇನೆ: ಇಡೀ ಹಣ್ಣು, ಖರ್ಜೂರ, ಕೋಷರ್ ಮುದ್ರೆಯ ಬಿಸ್ಕತ್ತು, ಕಾಗದದ ತಟ್ಟೆ.

ಮಾತಿಗೂ ಪಟ್ಟಿ ಮಾಡಿದ್ದೆ: ಪ್ರತಿಯೊಬ್ಬರೂ ತಮ್ಮ ಗ್ರಂಥದಿಂದ ಒಂದು ಸಾಲು ಓದಬೇಕು. ಅದೇ ಅಮ್ಮ ನಕ್ಕು, "ನಾನು ಜುಹ್ಹಾಲ್ ಗುಂಪಿನವಳು, ದೀಕ್ಷೆ ಆಗದವಳು; ನಮ್ಮ ಗ್ರಂಥ ನಾನೇ ಓದಿಲ್ಲ" ಎಂದರು. ದ್ರೂಜರಲ್ಲಿ ದೀಕ್ಷೆಯಾದವರಿಗಷ್ಟೇ ಅದರ ಹಕ್ಕು. ಪಟ್ಟಿ ಮಡಚಿಟ್ಟೆ. ನಿಮ್ಮ ಮನೆಯಲ್ಲಿ ಎಲೀಯ ಪ್ರವಾದಿಗೆ ಏನು ಮಾಡುತ್ತೀರಿ ಎಂದು ಕೇಳಿದೆ. ಕಾರ್ಮೆಲ್ ಬೆಟ್ಟದ ಬುಡದಲ್ಲಿರುವ ಎಲೀಯನ ಗವಿಗೆ ನಾಲ್ಕೂ ಧರ್ಮದವರು ಹೋಗುತ್ತಾರೆ, ಅದರಿಂದ ಹೊಳೆದದ್ದು.

ಅಂದು ಗಂಟೆ ಒಂಬತ್ತಾದರೂ ಯಾರೂ ಏಳಲಿಲ್ಲ. ಪಾಸ್ಕ ಹಬ್ಬದ ರಾತ್ರಿ ಎಲೀಯನಿಗೆಂದು ಒಂದು ಲೋಟ ದ್ರಾಕ್ಷಾರಸ ತುಂಬಿಡುತ್ತೇವೆ ಎಂದರು ಸಾವ್ತಾ. ಹೈಫಾದ ಹಲೀಸಾ ಬಡಾವಣೆಯ ಮುಸ್ಲಿಂ ಟೀಚರ್, ಆ ಗವಿಯ ಸಂತ ತಮಗೆ ಅಲ್-ಖಿದ್ರ್ ಎಂದು ಹೆಸರೆತ್ತಿದ್ದೇ ತಡ, ದ್ರೂಜ್ ಅಮ್ಮ "ನಮಗೂ ಅವರೇ" ಎಂದು ಹರಕೆಯ ಕಥೆ ಶುರುಮಾಡಿದರು. ಬೆಟ್ಟದ ಮೇಲಿನ ಸ್ಟೆಲ್ಲಾ ಮಾರಿಸ್ ಮಠದ ಕಾರ್ಮೆಲ್ ಪಾದ್ರಿಗಳ ಸಭೆಯದೇ ನಮ್ಮ ಬಿಕರ್ನಕಟ್ಟೆಯ ಬಾಲಯೇಸು ಪುಣ್ಯಕ್ಷೇತ್ರ ಎಂದು ನಾನೂ ಸೇರಿಸಿದೆ. ಯಾರಿಗೂ ಬಿಕರ್ನಕಟ್ಟೆ ಎನ್ನಲು ಬರಲಿಲ್ಲ.

ಎಲ್ಲ ಸಂಜೆಯೂ ಹಾಗಲ್ಲ. 1956ರಿಂದ ಇಲ್ಲಿ ದ್ರೂಜ್ ಗಂಡಸರಿಗೆ ಸೈನ್ಯಸೇವೆ ಕಡ್ಡಾಯ, ಅರಬ್ ಮುಸ್ಲಿಮರಿಗೆ ಇಲ್ಲ. ಒಮ್ಮೆ ಆ ಅಮ್ಮ ಮಗ ಗಡಿಯಲ್ಲಿದ್ದಾನೆ ಎಂದಾಗ ಪಕ್ಕದಲ್ಲೇ ಇದ್ದ ಟೀಚರ್ ಲೋಟ ಕೆಳಗಿಟ್ಟರು. ಯಾರೂ ಮಾತಾಡಲಿಲ್ಲ. ಸಮಾಧಾನ ಹೇಳಬೇಕೆನಿಸಿತು, ಸಾವ್ತಾ ಕಣ್ಣಲ್ಲೇ ತಡೆದರು. ಅವರು ತಡೆದದ್ದೇ ಸರಿ ಎಂದು ಈಗಲೂ ನನಗನಿಸುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಟೀಚರೇ ಮಗನ ವಯಸ್ಸು ಕೇಳಿದರು. ಇಪ್ಪತ್ತು.

ಮುಂದಿನ ಕೂಟ ಟೀಚರ್ ಮನೆಯಲ್ಲಿ. ಬಿಸ್ಕತ್ತು ತರುವುದು ದ್ರೂಜ್ ಅಮ್ಮನ ಪಾಲು. ಮುದ್ರೆ ನೋಡಿ ತರಲು ಹೇಳು ಎಂದು ಸಾವ್ತಾ ಈಗಾಗಲೇ ಎರಡು ಸಲ ನೆನಪಿಸಿದ್ದಾರೆ.