ಟೌನ್ ಹಾಲಿನ ಟೀವಿಯಲ್ಲಿ ಕನ್ನಡ ಸ್ಲೈಡ್: ಮೂರು ಸಲ ವಾಪಸ್ ಬಂದ ಮೇಲೆ

"ಯಾರ್ರೀ ನೋಡ್ತಾರೆ ಅದನ್ನ?"

ರಾಜ್ಯೋತ್ಸವದ ಪ್ರಚಾರಕ್ಕೆ ಟೌನ್ ಹಾಲಿನ ಟೀವಿ ಚಾನೆಲಿನಲ್ಲಿ ಒಂದು ಸ್ಲೈಡ್ ಹಾಕಿಸೋಣ ಅಂದಾಗ, ಕನ್ನಡ ಕೂಟದ ಕಮಿಟಿ ಮೀಟಿಂಗಿನಲ್ಲಿ ನಮ್ಮ ಖಜಾಂಚಿಗಳು ಕೇಳಿದ ಮೊದಲ ಪ್ರಶ್ನೆ ಇದು. ಎರಡನೆಯದು, "ದುಡ್ಡೆಷ್ಟು?" ಎರಡನೆಯದಕ್ಕೆ ಅಲ್ಲೇ ಉತ್ತರ ಕೊಟ್ಟೆ: ಸೊನ್ನೆ. ಮೊದಲನೆಯದಕ್ಕೆ ಉತ್ತರ ಸಿಗಲು ಎರಡು ರಾಜ್ಯೋತ್ಸವ, ಒಂದು ಗಣೇಶನ ಹಬ್ಬ ಕಳೆಯಬೇಕಾಯಿತು.

ನಾವಿರುವುದು ಮ್ಯಾಸಚೂಸೆಟ್ಸ್‌ನಲ್ಲಿ, ಬಾಸ್ಟನ್ನಿಗೆ ಪಶ್ಚಿಮದ ಒಂದು ಊರು. ಸುತ್ತಲಿನ ನಾಲ್ಕೈದು ಊರು ಸೇರಿಸಿದರೆ ಕನ್ನಡದ ಮನೆ ನೂರಿಪ್ಪತ್ತು ಇದ್ದಾವು. ಕೂಟದ ವಾಟ್ಸಾಪ್ ಗುಂಪಿನಲ್ಲಿರುವುದು ಎಂಬತ್ತು. ಉಳಿದ ನಲವತ್ತು ಮನೆಯವರನ್ನು ಹಿಡಿಯುವುದು ಹೇಗೆ ಅನ್ನೋದು ಪ್ರಚಾರ ಕಾರ್ಯದರ್ಶಿಯಾದ ನನ್ನ ತಲೆನೋವು. ಸ್ಥಳೀಯ ಪತ್ರಿಕೆಯಲ್ಲಿ ಅಂಗೈಯಗಲದ ಜಾಹೀರಾತಿಗೆ ಇನ್ನೂರು ಡಾಲರಿನ ಮೇಲೆ ಕೇಳಿದರು. ಇಂಡಿಯನ್ ಅಂಗಡಿಯ ಬಾಗಿಲಿಗೆ ಅಂಟಿಸಿದ ಕಲರ್ ಫ್ಲೈಯರ್ ಮೇಲೆ ಮಾರನೇ ದಿನವೇ ಯಾರದೋ ಗರ್ಬಾ ಫ್ಲೈಯರ್ ಕೂತಿತ್ತು.

ಆಗ ಕಣ್ಣಿಗೆ ಬಿದ್ದದ್ದು ಕೇಬಲ್ ಬಿಲ್ಲಿನ ಕೊನೇ ಪುಟ. ಫ್ರಾಂಚೈಸ್ ಫೀ ಅಂತ ಒಂದು ಸಾಲು ಇರುತ್ತದಲ್ಲ, ಅದೇ. 1984ರ ಕೇಬಲ್ ಕಾನೂನಿನ ಪ್ರಕಾರ ಊರಿನ ಆಡಳಿತದವರು ಕೇಬಲ್ ಕಂಪನಿಯ ಕೇಬಲ್ ಆದಾಯದಲ್ಲಿ ಗರಿಷ್ಠ ಶೇ. 5ರವರೆಗೆ ಕೇಳಬಹುದು. ಕಂಪನಿಯವರು ಅದನ್ನು ನಮ್ಮ ತಲೆ ಮೇಲೆ ಹಾಕುತ್ತಾರೆ. ನಮ್ಮ ಊರಿನಲ್ಲಿ ಪಬ್ಲಿಕ್, ಎಜುಕೇಷನ್, ಗವರ್ನಮೆಂಟ್ ಅಂತ ಮೂರು ಚಾನೆಲ್ ನಡೆಯುವುದು ಹೆಚ್ಚುಕಡಿಮೆ ಆ ದುಡ್ಡಿನಲ್ಲೇ. ಹನ್ನೊಂದು ವರ್ಷ ಆ ಬಿಲ್ಲು ಕಟ್ಟಿದ್ದೇನೆ, ಚಾನೆಲ್ ಒಂದು ದಿನವೂ ಹಾಕಿ ನೋಡಿಲ್ಲ. ಕಟ್ಟಿದ ದುಡ್ಡಿನಲ್ಲಿ ಒಂದು ಸ್ಲೈಡಿನ ಹನ್ನೆರಡು ಸೆಕೆಂಡಾದರೂ ವಾಪಸ್ ತೆಗೆದುಕೊಳ್ಳೋಣ ಅನ್ನಿಸಿತು.

ಊರಿನ ಸಭೆಗಳ ಪ್ರಸಾರ ಇಲ್ಲದ ಹೊತ್ತಿನಲ್ಲಿ, ಟೌನ್ ಹಾಲೇ ನಡೆಸುವ ಗವರ್ನಮೆಂಟ್ ಚಾನೆಲಿನಲ್ಲಿ ಓಡುವ ಕಮ್ಯುನಿಟಿ ಬುಲೆಟಿನ್ ಬೋರ್ಡು ನೋಡಿರುತ್ತೀರಿ. ಎಲೆ ಗುಡಿಸುವ ಲಾರಿ ಯಾವತ್ತು ಬರುತ್ತದೆ, ಲೈಬ್ರರಿಯ ಪುಸ್ತಕ ಮಾರಾಟ ಯಾವಾಗ, ಫ್ಲೂ ಚುಚ್ಚುಮದ್ದು ಎಲ್ಲಿ ಅನ್ನೋ ಸ್ಲೈಡುಗಳು. ಅದಕ್ಕೆ ಒಂದೂವರೆ ಪುಟದ ನಿಯಮಪಟ್ಟಿ ಇದೆ. ನಾನದನ್ನು ಓದಲಿಲ್ಲ. ಎಲ್ಲ ಅನಾಹುತಕ್ಕೂ ಮೂಲ ಅದೇ.

ಮೊದಲ ವರ್ಷದ ಸ್ಲೈಡಿನಲ್ಲಿ ಭುವನೇಶ್ವರಿಯ ಚಿತ್ರ, ಟಿಕೆಟ್ ಹದಿನೈದು ಡಾಲರ್, ಕೆಳಗೆ ಪ್ರಾಯೋಜಕರಾದ ಕಿರಾಣಿ ಅಂಗಡಿಯವರ ಲೋಗೋ. ಎರಡೇ ದಿನಕ್ಕೆ ವಾಪಸ್. ಮೂರನೇ ನಿಯಮ: ದರ ಹಾಕುವಂತಿಲ್ಲ, ವ್ಯಾಪಾರಿ ಹೆಸರು ಹಾಕುವಂತಿಲ್ಲ. ತಿದ್ದಿ ಕಳಿಸಿದೆ. ಮತ್ತೆ ವಾಪಸ್, ಈ ಸಲ ಅವಧಿ ಮೀರಿದ್ದಕ್ಕೆ. ಕಾರ್ಯಕ್ರಮಕ್ಕೆ ಹತ್ತು ಕೆಲಸದ ದಿನ ಮೊದಲೇ ಅರ್ಜಿ ಕೈ ಸೇರಬೇಕು. ನಾನು ಹದಿಮೂರು ದಿನ ಇದೆಯಲ್ಲ ಅಂತ ಬೀಗಿದ್ದೆ. ಅದರಲ್ಲಿ ಶನಿವಾರ ಭಾನುವಾರ ಕಳೆಯಿರಿ, ನವೆಂಬರ್ 11ರ ವೆಟರನ್ಸ್ ಡೇ ಕಳೆಯಿರಿ. ಉಳಿದದ್ದು ಎಂಟು. ರಾಜ್ಯೋತ್ಸವ ಮಾಡುವ ಕೂಟದವರೆಲ್ಲ ಈ ರಜೆಯನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ. ಎರಡು ವಾರ ಅಂದುಕೊಂಡರೆ ಸಾಲದು, ನಾಲ್ಕು ವಾರ ಇಟ್ಟುಕೊಳ್ಳಿ.

ಕಮಿಟಿಯಲ್ಲಿ ಒಬ್ಬ ಹುಡುಗ ಸಿಡಿದೆದ್ದ. "ಇದು ವಾಕ್ ಸ್ವಾತಂತ್ರ್ಯದ, ಫಸ್ಟ್ ಅಮೆಂಡ್‌ಮೆಂಟ್ ವಿಷಯ ಸಾರ್, ಕೋರ್ಟಿಗೆ ಹೋಗೋಣ!" ಬೋಂಡಾ ತಿನ್ನುತ್ತಾ ಹೇಳಿದ್ದರಿಂದ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಆದರೂ ನಾನು ಸ್ವಲ್ಪ ಓದಿದೆ. ಮ್ಯಾನ್‌ಹ್ಯಾಟನ್ನಿನ ಪಬ್ಲಿಕ್ ಚಾನೆಲ್ ನಡೆಸುವ ಖಾಸಗಿ ಸಂಸ್ಥೆಯ ವಿರುದ್ಧ ಇಬ್ಬರು ಹೂಡಿದ್ದ ದಾವೆಯಲ್ಲಿ, ಆ ಸಂಸ್ಥೆ ಸರ್ಕಾರದ ಲೆಕ್ಕಕ್ಕೆ ಬರುವುದಿಲ್ಲ, ಆದ್ದರಿಂದ ಫಸ್ಟ್ ಅಮೆಂಡ್‌ಮೆಂಟ್ ಅದನ್ನು ಕಟ್ಟಿಹಾಕುವುದಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ ತೀರ್ಪು ಕೊಟ್ಟಿದೆ. ನಮ್ಮದು ಟೌನ್ ಹಾಲೇ ನಡೆಸುವ ಚಾನೆಲು, ಆ ಲೆಕ್ಕವೇ ಬೇರೆ. ಆದರೆ ಎರಡು ಸಾಲು ತಿದ್ದಿದರೆ ಮುಗಿಯುವ ಕೆಲಸಕ್ಕೆ ವಕೀಲರ ಒಂದು ಗಂಟೆಯ ಫೀಸಿನಲ್ಲಿ ಊಟದ ಹೋಳಿಗೆ ಖರ್ಚೇ ಕಳೆಯುತ್ತಿತ್ತು.

ಮುಂದಿನ ಆಗಸ್ಟಿನಲ್ಲಿ ಗಣೇಶನ ಹಬ್ಬಕ್ಕೆ ಪ್ರಯತ್ನಿಸಿದೆ. ನಿಯಮ ಬಾಯಿಪಾಠ ಆಗಿತ್ತು. ತೆರಿಗೆ ವಿನಾಯಿತಿ ಪತ್ರದ ನಕಲು, ಊರಿನ ನಿವಾಸಿಯ ಸಹಿ, ಶಾಲೆಯ ಹಾಲಿನ ಬಾಡಿಗೆ ರಸೀದಿ, ಎಲ್ಲ ಲಗತ್ತಿಸಿದ್ದೆ. 'ಪೂಜೆ' ಅನ್ನೋ ಪದಕ್ಕೆ ತಕರಾರು ಬಂತು. ಆರಾಧನೆಗೆ ಆಹ್ವಾನ ಇದ್ದರೆ ಟೌನ್ ಹಾಲಿನ ಬೋರ್ಡಿಗೆ ಬೇಡ, ಪಬ್ಲಿಕ್ ಚಾನೆಲಿಗೆ ಕೊಡಿ ಅಂದರು. ನ್ಯಾಯವೇ. ಚರ್ಚಿನವರಿಗೂ ಹಾಗೇ ಹೇಳುತ್ತಾರಂತೆ. ಆ ಪದ ತೆಗೆದು ಬೇರೇನು ಹಾಕಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ, ಪಕ್ಕದ ಊರಿನ ಕೂಟದವರೂ ಓದುತ್ತಾರೆ. ಸುಳ್ಳಂತೂ ಹೇಳಲಿಲ್ಲ.

ಅಷ್ಟಾಗಿ ಒಪ್ಪಿಗೆ ಬರಬೇಕು ಅನ್ನುವಷ್ಟರಲ್ಲಿ ಟೌನ್ ಹಾಲಿನ ಗುಮಾಸ್ತೆಯಮ್ಮನಿಂದ ಫೋನು. "ಸಾರ್ವಜನಿಕರಿಗೆ ಊಟ ಅಂತ ಬರೆದಿದ್ದೀರಿ, ಬೋರ್ಡ್ ಆಫ್ ಹೆಲ್ತ್ ಪರ್ಮಿಟ್ ಇದೆಯಾ?" ನನ್ನ ಕೈಕಾಲು ತಣ್ಣಗಾಯಿತು. ಅಲ್ಲಿಯವರೆಗೆ ಮನೆಮನೆಯಿಂದ ಪಾತ್ರೆ ತಂದು ಬಡಿಸುತ್ತಿದ್ದೆವು, ಯಾರೂ ಕೇಳಿರಲಿಲ್ಲ. ಜಾಹೀರಾತು ಹಾಕಲು ಹೋಗಿ ಮೈಮೇಲೆ ಎಳೆದುಕೊಂಡಿದ್ದೆ. ಪರ್ಮಿಟ್ಟಿಗೆ ಐವತ್ತೋ ಅರವತ್ತೋ ಡಾಲರ್ ಆಯಿತು, ಮನೆಯಲ್ಲಿ ಮಾಡಿದ್ದು ಬೇಡ, ಲೈಸೆನ್ಸ್ ಇರುವ ಅಡುಗೆಮನೆಯಿಂದಲೇ ತರಬೇಕು ಅಂದರು. ಇನ್‌ಸ್ಪೆಕ್ಟರು ಬಂದು ಬಿಸಿಬೇಳೆಬಾತಿಗೆ ಥರ್ಮಾಮೀಟರ್ ಚುಚ್ಚಿ ನೋಡಿದರು. ಬಿಸಿ ಪದಾರ್ಥ 135 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಯಬಾರದು. ನಮ್ಮದು ನೂರೈವತ್ತರ ಮೇಲಿತ್ತು. ಬಿಸಿಬೇಳೆಬಾತ್ ಅಂತ ಹೆಸರಿಟ್ಟವರು ಸುಮ್ಮನೆ ಇಟ್ಟಿಲ್ಲ. ಇಷ್ಟೆಲ್ಲ ಗಲಾಟೆಯಲ್ಲಿ ಸ್ಲೈಡಿನ ಗಡುವು ಕಳೆದೇ ಹೋಗಿತ್ತು. ಖಜಾಂಚಿಗಳು ಲೆಕ್ಕದ ಪುಸ್ತಕದಲ್ಲಿ 'ಟೀವಿ ಖರ್ಚು: ಪರ್ಮಿಟ್ + ಕೇಟರಿಂಗ್ ವ್ಯತ್ಯಾಸ' ಅಂತ ನಾನ್ನೂರರ ಹತ್ತಿರ ಬರೆದರು. ಸೊನ್ನೆ ಅಂದಿದ್ದ ಬಾಯಿ ಮುಚ್ಚಿಕೊಂಡೆ.

ಎರಡನೇ ರಾಜ್ಯೋತ್ಸವಕ್ಕೆ ಅಕ್ಟೋಬರ್ ಮೊದಲ ವಾರವೇ ಕಳಿಸಿದೆ. ಒಪ್ಪಿಗೆ ಬಂತು! ಕನ್ನಡ ಅಕ್ಷರಕ್ಕೆ ತಕರಾರಿಲ್ಲ, ಪ್ರತಿ ಪದಕ್ಕೂ ಪಕ್ಕದಲ್ಲಿ ಇಂಗ್ಲಿಷ್ ಇರಬೇಕು ಅಷ್ಟೇ. ತಮಾಷೆ ಏನೆಂದರೆ, ಅಷ್ಟರಲ್ಲಿ ನಾನೇ ಕೇಬಲ್ ಕಿತ್ತು ಬರೀ ಇಂಟರ್ನೆಟ್ ಇಟ್ಟುಕೊಂಡಿದ್ದೆ. ನೋಡಲು ಗೆಳೆಯನ ಮನೆಗೆ ಓಡಿದೆ.

ಅರ್ಜಿಯ ಫಾರಮ್ಮಿನಲ್ಲಿ ಟೈಪ್ ಮಾಡಿದ್ದ ಕನ್ನಡ ಅವರ ಯಂತ್ರದಲ್ಲಿ ಸಾಲಾಗಿ ಚೌಕದ ಡಬ್ಬಿಗಳಾಗಿ ಬಂದಿತ್ತು. ಪರದೆ ಮೇಲೆ ಅಕ್ಷರ ಮೂಡಿಸುವ ಅವರ ಕ್ಯಾರೆಕ್ಟರ್ ಜನರೇಟರಿಗೆ ನಮ್ಮ ಲಿಪಿ ಗೊತ್ತಿಲ್ಲ. ಇದು ಮೂರನೇ ವಾಪಸ್, ಈ ಸಲ ನಾನೇ ವಾಪಸ್ ತೆಗೆಸಿದ್ದು. ಮಾರನೇ ದಿನ ಇಡೀ ಸ್ಲೈಡನ್ನೇ 1920×1080ರ ಚಿತ್ರ ಮಾಡಿ ಕಳಿಸಿದೆ. ಸೋಮವಾರ ಮತ್ತೆ ಗೆಳೆಯನ ಸೋಫಾ. ಕೊನೇ ಸಾಲಿನಲ್ಲಿ ನಾನು ಬರೆದದ್ದು 'ಎಲ್ಲರಿಗೂ ಸ್ವಾಗತ'. ಟೀವಿಯಲ್ಲಿ ಬಂದದ್ದು 'ಎಲರಿಗೂ ಸಾಗತ'. ಹಳೇ ಟೀವಿಗಳು ಚಿತ್ರದ ಅಂಚನ್ನು ಚೌಕಟ್ಟಿನಾಚೆ ತಳ್ಳುತ್ತವಲ್ಲ, ತೀರಾ ಕೆಳಗಿಟ್ಟಿದ್ದ ಸಾಲಿನ ಒತ್ತಕ್ಷರಗಳು ಅಲ್ಲಿಗೆ ಸರಿದಿದ್ದವು. ಇಂಗ್ಲಿಷಿನವರ ಲೆಕ್ಕದಲ್ಲಿ ಸಾಲು ಸರಿಯಾಗೇ ಇದೆ, ಕತ್ತು ಕುಯ್ದದ್ದು ಕನ್ನಡದ್ದು ಮಾತ್ರ. ನಾಲ್ಕೂ ಕಡೆ ಹತ್ತರಲ್ಲೊಂದು ಪಾಲು ಖಾಲಿ ಬಿಡಿ, ಕೆಳಗಡೆ ಇನ್ನೊಂಚೂರು ಜಾಸ್ತಿ.

ಬಣ್ಣದ ವಿಷಯವೂ ಹಾಗೇ. ನಮ್ಮ ಬಾವುಟದ ಅಚ್ಚ ಕೆಂಪಿನ ಮೇಲೆ ಅಚ್ಚ ಹಳದಿ ಅಕ್ಷರ ಹಾಕಿದ್ದೆ. ಆ ಕೆಂಪು ಅಕ್ಷರದೊಳಗೆ ಹರಿದು ಕುಂಕುಮ ಕದಡಿದ ಹಾಗೆ ಕಾಣುತ್ತಿತ್ತು. ತೆಳ್ಳನೆ ತಲೆಕಟ್ಟುಗಳು ಮಿಣಮಿಣ ಅಂತ ಕುಣಿಯುತ್ತಿದ್ದವು. ಒಂದೇ ಪಿಕ್ಸೆಲ್ ದಪ್ಪದ ಅಡ್ಡಗೆರೆ, ಸಾಲು ಬಿಟ್ಟು ಸಾಲು ತೋರಿಸುವ ಇಂಟರ್‌ಲೇಸ್ ಚಿತ್ರದಲ್ಲಿ ನಿಲ್ಲುವುದಿಲ್ಲ. ಕೆಂಪನ್ನು ಮರೂನ್ ಮಾಡಿ, ಹಳದಿಯನ್ನು ಬೆಣ್ಣೆ ಬಣ್ಣಕ್ಕಿಳಿಸಿ, ದಪ್ಪ ಫಾಂಟ್ ಹಾಕಿದ ಮೇಲೆ ನಿಂತಿತು. ಎಷ್ಟು ದಪ್ಪ, ಯಾವ ಫಾಂಟು? ಅದು ನಮ್ಮ ಕೂಟದ ಆಸ್ತಿ, ಊಟಕ್ಕೆ ಬಂದರೆ ಹೇಳುತ್ತೇನೆ.

ಈಗ ಖಜಾಂಚಿಗಳ ಮೊದಲ ಪ್ರಶ್ನೆ. ನೋಡುವವರು ಇದ್ದಾರೆ, ಆದರೆ ಮನೆಯಲ್ಲಲ್ಲ. ಸೀನಿಯರ್ ಸೆಂಟರಿನ ಹಾಲಿನಲ್ಲಿ, ಟೌನ್ ಹಾಲಿನ ಕಾಯುವ ಬೆಂಚಿನ ಎದುರು ಇಡೀ ದಿನ ಅದೇ ಚಾನೆಲ್. ಮಗನ ಮನೆಗೆ ಆರು ತಿಂಗಳಿಗೆ ಬಂದಿದ್ದ ಶಿವಮೊಗ್ಗದ ಯಜಮಾನರೊಬ್ಬರು ಚಳಿಗೆ ಹೊರಗೆ ನಡೆಯಲಾರದೆ ಸೀನಿಯರ್ ಸೆಂಟರಿನ ಒಳಗೇ ಸುತ್ತು ಹಾಕುತ್ತಿದ್ದರಂತೆ. ಗೋಡೆಯ ಟೀವಿಯಲ್ಲಿ ಕನ್ನಡ ಅಕ್ಷರ ಬಂದು ಹೋಯಿತು. ಕಣ್ಣು ಮಂಜಾಯಿತೇನೋ ಅಂದುಕೊಂಡರಂತೆ. ನಲವತ್ತು ಸ್ಲೈಡು, ಒಂದಕ್ಕೆ ಹನ್ನೆರಡು ಸೆಕೆಂಡು, ಸುತ್ತಿ ಬರಲು ಎಂಟು ನಿಮಿಷ. ನಿಂತೇ ಕಾದು, ಎರಡನೇ ಸುತ್ತಿನಲ್ಲಿ ತಾರೀಖು, ಮೂರನೇ ಸುತ್ತಿನಲ್ಲಿ ಫೋನ್ ನಂಬರು ಬರೆದುಕೊಂಡರು, ಬಸ್ಸಿನ ಟಿಕೆಟ್ಟಿನ ಹಿಂದೆ. ಹಬ್ಬದ ದಿನ ಆ ಟಿಕೆಟ್ಟನ್ನು ನನ್ನ ಕೈಗಿತ್ತು, "ನೀವೇನ್ರೀ ಹಾಕಿಸಿದ್ದು? ನಂಬರು ಇನ್ನೊಂದು ಸ್ವಲ್ಪ ಹೊತ್ತು ಬಿಡಬಾರದಾ?" ಅಂತ ಗದರಿದರು.

ಬಾಗಿಲಲ್ಲಿ ಹೆಸರು ಬರೆಸುವಾಗ ಎಲ್ಲರನ್ನೂ ಕೇಳಿಸಿದ್ದೆವು, ಹೇಗೆ ಗೊತ್ತಾಯಿತು ಅಂತ. ಮುನ್ನೂರರ ಹತ್ತಿರ ಜನದಲ್ಲಿ ಟೀವಿ ಅಂದವರು ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಅದರಲ್ಲಿ ಏಳು ಹೊಸ ಕನ್ನಡದ ಮನೆ, ಉಳಿದವರು ಊರಿನ ಅಮೆರಿಕನ್ ಹಿರಿಯರು. ಏಳರಲ್ಲಿ ಐದು ಮನೆಯವರು ಅಲ್ಲೇ ಸದಸ್ಯತ್ವ ಕಟ್ಟಿದರು, ಮನೆಗೆ ನಲವತ್ತು ಡಾಲರ್. ಪರ್ಮಿಟ್ಟಿನ ಖರ್ಚು ಬಿಟ್ಟು ಲೆಕ್ಕ ಹಾಕಿದರೆ ಲಾಭ, ಸೇರಿಸಿ ಹಾಕಿದರೆ ನಷ್ಟ. ನಾನು ಬಿಟ್ಟೇ ಹಾಕುತ್ತೇನೆ.

ನಡುವೆ ಮಾಡಿದ ಬೇರೆ ಕಸರತ್ತುಗಳಲ್ಲಿ ಕ್ಯೂಆರ್ ಕೋಡ್ ದಂಡ. ಹನ್ನೆರಡು ಸೆಕೆಂಡಿನಲ್ಲಿ ಯಾರು ಫೋನು ತೆಗೆದು, ಕ್ಯಾಮೆರಾ ಬಿಟ್ಟು, ಹಿಡಿಯುತ್ತಾರೆ? ಹನ್ನೊಂದು ಸಲ ಸ್ಕ್ಯಾನ್ ಆಗಿತ್ತು, ಅದರಲ್ಲಿ ಆರು ನಮ್ಮ ಮನೆಯವರದೇ. ಪಕ್ಕದ ಊರಿನ ಬೋರ್ಡಿಗೂ ಕಳಿಸಿದೆ, ಕಾರ್ಯಕ್ರಮ ತಮ್ಮ ಊರಲ್ಲೇ ನಡೆಯಬೇಕು ಅಂದುಬಿಟ್ಟರು. ಊರೂರಿಗೂ ನಿಯಮ ಬೇರೆ, ನಮ್ಮದನ್ನು ನೋಡಿ ನಿಮ್ಮದನ್ನು ಊಹಿಸಬೇಡಿ. ಪಬ್ಲಿಕ್ ಚಾನೆಲಿನ ಸ್ಟುಡಿಯೋದಲ್ಲಿ ಇಪ್ಪತ್ತೈದು ಡಾಲರ್ ಸದಸ್ಯತ್ವ ಕಟ್ಟಿ, ಎರಡು ಸಂಜೆ ಕ್ಯಾಮೆರಾ ಪಾಠ ಕಲಿತು, ಮಕ್ಕಳ ಕೈಲಿ ವಚನ ಹೇಳಿಸಿ ಅರ್ಧ ಗಂಟೆಯ ಕಾರ್ಯಕ್ರಮ ಮಾಡಿದೆವು. ಅಲ್ಲಿ ಪೂಜೆ ಅಂದರೂ ಕೇಳುವವರಿಲ್ಲ, ಪ್ರಾಯೋಜಕರ ದರಪಟ್ಟಿ ಮಾತ್ರ ಓದುವಂತಿಲ್ಲ. ರಾತ್ರಿ ಹನ್ನೊಂದೂವರೆಗೆ ಹಾಕಿದರು. ಅದನ್ನು ನೋಡಿದ್ದು ವಚನ ಹೇಳಿದ ಮಕ್ಕಳ ಅಪ್ಪ ಅಮ್ಮ ಮಾತ್ರ.

ಈ ವರ್ಷದ ಯುಗಾದಿಗೆ ಸ್ಲೈಡು ಒಂದೇ ಸಲಕ್ಕೆ ಪಾಸಾಯಿತು. ಮೊನ್ನೆ ಖಜಾಂಚಿಗಳು ಫೋನ್ ಮಾಡಿ ಎಂದಿಲ್ಲದ ನಯದಲ್ಲಿ ಮಾತಾಡಿಸಿದರು. ಅವರ ಮನೆಯವರು ಸಂಗೀತ ಕ್ಲಾಸ್ ಶುರು ಮಾಡಿದ್ದಾರಂತೆ, ಟೀವಿಯಲ್ಲಿ ಒಂದು ಸ್ಲೈಡ್ ಹಾಕಿಸೋಕೆ ಆಗುತ್ತಾ ಅಂತ.

"ಫೀಸ್ ತಗೊಳ್ತಾರಾ?" ಅಂದೆ.

"ಮತ್ತೇನ್ರೀ, ಪುಕ್ಕಟೆ ಹೇಳಿಕೊಡ್ತಾರಾ?"

"ಹಾಗಾದ್ರೆ ಮೂರನೇ ನಿಯಮ ನೋಡಿ ಸಾರ್," ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಶಬ್ದವೇ ಇರಲಿಲ್ಲ.